ಫಾಯಿಲ್ ಶೀಟ್, ಜಿಪ್ಸಮ್ ಬೋರ್ಡ್ ಎರಡೂ ಆದ್ರೂ ರಾತ್ರಿ 10ಕ್ಕ ಸೀಲಿಂಗ್ ಕಾದ ಹಂಚು. ಎಲ್ಲಿ ತಪ್ಪ್ಯಾದ?

ಬಿಸಿಲೂರವ (ಕಲಬುರಗಿ)

ನಮಸ್ಕಾರ್ರೀ. ನಮ್ಮನಿ ಎರಡನೇ ಮಹಡಿ, ಮ್ಯಾಲ ಬರೇ ಛತ್ತು. 5 ಇಂಚಿನ ಆರ್‌ಸಿಸಿ ಸ್ಲ್ಯಾಬ್, ಅದರ ಮ್ಯಾಲ ಹಳೇ ಸಿಮೆಂಟ್ ಕೋಬಾ (ನೀರು ಇಳೀಬಾರದಂತ ಹಾಕೋ ದಪ್ಪ ಪದರ). ಹೋದ ಬ್ಯಾಸಗ್ಯಾಗ ಮಲಗೋ ಖೋಲ್ಯಾಗ ಇರಲಿಕ್ಕೇ ಆಗಲಿಲ್ಲ. ಅದಕ್ಕ ಈ ಫೆಬ್ರುವರಿಯಾಗ ಸ್ಲ್ಯಾಬಿನ ಕೆಳಗ ಬಬಲ್ ಫಾಯಿಲ್ ಶೀಟ್ (ಗಾಳಿ ಗುಳ್ಳಿ ಇರೋ ಪ್ಲಾಸ್ಟಿಕ್ಕಿಗೆ ಹೊಳಿಯೋ ಹಾಳಿ ಅಂಟಿಸಿದ್ದು), ಅದರ ಕೆಳಗ ಜಿಪ್ಸಮ್ ಬೋರ್ಡ್ ಹಾಕಿಸ್ದೆ. ಖೋಲಿ ಎತ್ತರ ಮೊದಲೇ 9 ಅಡಿ, ಇನ್ನೂ ಕಮ್ಮಿ ಆಗ್ತದಂತ ಮಿಸ್ತ್ರಿ ಬೋರ್ಡನ್ನ ಶೀಟಿಗೆ ಒತ್ತಿ ಹೊಡದಾನ.

ಈಗ ಏಪ್ರಿಲ್. ಮಧ್ಯಾಹ್ನ 3ಕ್ಕ ಪರವಾಗಿಲ್ಲ. ರಾತ್ರಿ 9–10ಕ್ಕ ಮಾತ್ರ ಹಾಸಿಗಿ ಮ್ಯಾಲ ನಿಂತು ಕೈ ಎತ್ತಿದ್ರ ರೊಟ್ಟಿ ಹಂಚಿನ ಮ್ಯಾಲ ಕೈ ಹಿಡದಂಗ ಆಗ್ತದ. ಒಂದೂವರೆ ಟನ್ ಎಸಿ 24ಕ್ಕ ಇಟ್ಟರ ನಡುರಾತ್ರಿ ತನಕ ಕಂಪ್ರೆಸರ್ ನಿಲ್ಲಂಗಿಲ್ಲ.

ಇನ್ನೊಂದು ವಿಚಿತ್ರ ಅದ. ಮುಟ್ಟದೇ ಬಿಸಿ ಅಳಿಯೋ ಇನ್‌ಫ್ರಾರೆಡ್ ಗನ್ ತಂದು ನೋಡ್ದೆ. ಬೋರ್ಡ್ ಮ್ಯಾಲ 39 ತೋರಸ್ತದ. ಲಾಫ್ಟ್ ಮೂಲ್ಯಾಗ ಬೋರ್ಡ್ ಇಲ್ಲ, ಬರೇ ಫಾಯಿಲ್ ಕಾಣ್ತದ, ಅಲ್ಲಿ 31! ಅಂದ್ರ ಬೋರ್ಡೇ ಬಿಸಿ ಹಿಡಕೊಂಡದ? ತಗಸಿಬಿಡ್ಲೇನು?

ಟೆರೇಸ್ ರಿಪೇರಿ (ಬಳ್ಳಾರಿ)

ಏನೂ ತೆಗೆಸಬೇಡಿ ಸರ್, ಒಂದು ದಿನ ತಡೀರಿ. ನಿಮ್ಮ ಗನ್ ಸುಳ್ಳು ಹೇಳ್ತಿದೆ. ಅದು ಮೇಲ್ಮೈಯಿಂದ ಹೊರಡುವ ಶಾಖದ ಕಿರಣ ನೋಡಿ ಲೆಕ್ಕ ಹಾಕುತ್ತೆ. ಹೊಳೆಯುವ ಫಾಯಿಲ್ ತನ್ನ ಕಿರಣ ಬಿಡೋದು ತೀರಾ ಕಡಿಮೆ, ಕನ್ನಡಿ ಥರ ಎದುರಿಗಿರೋದನ್ನೇ ತೋರಿಸುತ್ತೆ. ಎಸಿ ಹಾಕಿದ ಕೋಣೆಯ ನೆಲ, ಗೋಡೆಯ ಬಿಸಿ ಎಷ್ಟಿದೆಯೋ ಅದೇ ನಿಮಗೆ 31 ಅಂತ ಕಂಡಿರೋದು. ಎಲೆಕ್ಟ್ರಿಷಿಯನ್ನರ ಕಪ್ಪು ಟೇಪ್ ಒಂದು ತುಂಡು ಫಾಯಿಲ್ ಮೇಲೆ ಅಂಟಿಸಿ, ಹತ್ತು ನಿಮಿಷ ಬಿಟ್ಟು ಟೇಪಿಗೆ ಗುರಿ ಇಟ್ಟು ನೋಡಿ. ತೀರಾ ಹತ್ತಿರದಿಂದ ಹಿಡೀರಿ, ದೂರ ಹೋದಷ್ಟೂ ಗನ್ ನೋಡುವ ವೃತ್ತ ದೊಡ್ಡದಾಗುತ್ತೆ.

ಬಿಸಿಲೂರವ

ಟೇಪ್ ಮ್ಯಾಲ 43 ಅದರೀ! ಇಷ್ಟು ದಿನ ಎಲ್ಲರ ಮುಂದ 31 ಅಂತ ಹೇಳಕೊಂಡು ತಿರಗೀನಿ.

ಸಿಲಿಕಾನ್ ಸೀನ (ಬೆಂಗಳೂರು)

ಎರಡು ಟನ್ ಇನ್ವರ್ಟರ್ ಎಸಿ ಹಾಕಿಬಿಡಿ ಗುರು, ಇಷ್ಟೆಲ್ಲ ಯಾಕೆ ತಲೆನೋವು?

ಟೆರೇಸ್ ರಿಪೇರಿ

ಸೀನ ಅವರೇ, ತಲೆ ಮೇಲೆ ಹಂಚು ಕಾಯ್ತಿರುವಾಗ ದೊಡ್ಡ ಎಸಿ ಹಾಕಿದರೆ ಬಿಲ್ಲೂ ದೊಡ್ಡದಾಗುತ್ತೆ. ಚರ್ಮಕ್ಕೆ ಬಿಸಿ ಬಡಿಯೋದಂತೂ ನಿಲ್ಲಲ್ಲ.

ಕಲಬುರಗಿ ಸರ್, ನಿಮ್ಮಲ್ಲಿ ಆಗಿರೋ ತಪ್ಪು ಎರಡು. ಮೊದಲನೇದು, ಫಾಯಿಲ್ ಕೆಲಸ ಮಾಡೋದು ಅದರ ಹೊಳೆಯುವ ಮುಖದ ಮುಂದೆ ಗಾಳಿ ಜಾಗ ಇದ್ದರೆ ಮಾತ್ರ. ಮೇಲೆ ಸ್ಲ್ಯಾಬ್, ಕೆಳಗೆ ಬೋರ್ಡ್ ಎರಡೂ ತಾಗಿಕೊಂಡಾಗ ಬಿಸಿ ನೇರವಾಗಿ ಹರಿದು ಇಳಿಯುತ್ತೆ, ಕಿರಣದ ಮಾತೇ ಬರಲ್ಲ. ಉಳಿದದ್ದು ಗುಳ್ಳೆಯ ದಪ್ಪ, ಅಷ್ಟರಿಂದ ಏನಾಗುತ್ತೆ?

ಎರಡನೇದು ದೊಡ್ಡದು. ನೀವು ತಡೆ ಕಟ್ಟಿರೋದು ಸ್ಲ್ಯಾಬಿನ ಕೆಳಗೆ. ಬಿಸಿಲು ಇಡೀ ದಿನ ಸ್ಲ್ಯಾಬನ್ನು ಕಾಯಿಸುತ್ತೆ, ಅಷ್ಟು ಕಾಂಕ್ರೀಟು, ಕೋಬಾ ದಾಟಿ ಬಿಸಿ ಕೆಳಗೆ ಬರೋಕೆ ನಾಲ್ಕೈದು ತಾಸು ಬೇಕು. ಅದಕ್ಕೇ ನಿಮಗೆ ಮಧ್ಯಾಹ್ನ ಹಾಯ್, ರಾತ್ರಿ ಬೆಂಕಿ. ತಡೆ ಸ್ಲ್ಯಾಬಿನ ಮೇಲೆ ಇದ್ದರೆ ಸ್ಲ್ಯಾಬ್ ಅಷ್ಟಾಗಿ ಕಾಯೋದಿಲ್ಲ. ಅಂದಾಜಿಗೆ ಹೇಳೋದಾದರೆ ಒಂದಿಂಚು ಎಕ್ಸ್‌ಪಿಎಸ್ (ಗಟ್ಟಿ ಫೋಮ್) ಹಲಗೆ ತಡೆಯುವಷ್ಟು ಶಾಖ ತಡೆಯೋಕೆ ಕಾಂಕ್ರೀಟ್ ನಾಲ್ಕಡಿ ದಪ್ಪ ಬೇಕು.

ಹೊಸ ಮನೆಗಳಿಗೆ ಕೇಂದ್ರದ 2018ರ ಇಂಧನ ಉಳಿತಾಯ ನಿಯಮ, ಇಕೋ ನಿವಾಸ್ ಸಂಹಿತೆ, ಚಾವಣಿಯ ಯು-ವ್ಯಾಲ್ಯೂ (ಎಷ್ಟು ಶಾಖ ದಾಟಿ ಬರುತ್ತೆ ಅನ್ನೋ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೇದು) 1.2 ಮೀರಬಾರದು ಅನ್ನುತ್ತೆ. ಬರೀ ಸ್ಲ್ಯಾಬಿನದು 3ರ ಮೇಲೆ. ಸ್ಲ್ಯಾಬ್ ಮೇಲೆ 50 ಮಿಲಿಮೀಟರ್ ಎಕ್ಸ್‌ಪಿಎಸ್ ಹಾಸಿದರೆ 0.5ರ ಆಸುಪಾಸಿಗೆ ಇಳಿಯುತ್ತೆ.

ಆದರೆ ದುಡ್ಡು ಸುರಿಯೋ ಮೊದಲು ಒಂದು ಪರೀಕ್ಷೆ ಮಾಡಿ. ಮಲಗೋ ಕೋಣೆ ಮೇಲಿನ ಭಾಗಕ್ಕೆ ಮಾತ್ರ ಸುಣ್ಣ ಹೊಡೆಯಿರಿ. ಗುಡಿಸಿ, ತೊಳೆದು, ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಕೋಟ್. ಹಾಲ್ ಮೇಲಿನದು ಹಾಗೇ ಬಿಡಿ. ಎರಡನ್ನೂ ಅಳೆದರೆ ಬಿಸಿ ಚಾವಣಿಯಿಂದಲೇ ಬರ್ತಿದೆಯೋ ಗೋಡೆಯಿಂದಲೋ ತಿಳಿಯುತ್ತೆ.

ಕಡಲ ದಂಡೆ (ಮಂಗಳೂರು)

ನಡುವೆ ಬಾಯಿ ಹಾಕ್ತೇನೆ, ಬೇಜಾರು ಮಾಡ್ಬೇಡಿ. ನಮ್ಮ ಅಣ್ಣ ಕೆನಡಾದಲ್ಲಿದ್ದಾನೆ, ಅಲ್ಲಿ ಇನ್ಸುಲೇಶನ್ನಿನ ಒಳಮುಖಕ್ಕೆ ಪ್ಲಾಸ್ಟಿಕ್ ಹಾಳೆ ಹಾಕ್ತಾರಂತೆ. ನಮಗೂ ಹಾಗೇ ಮಾಡ್ಬಹುದಾ?

ಟೆರೇಸ್ ರಿಪೇರಿ

ನಿಮ್ಮಲ್ಲಿ ಉಲ್ಟಾ. ಅಲ್ಲಿ ಚಳಿಗಾಲದಲ್ಲಿ ತೇವ ಬೆಚ್ಚಗಿನ ಮನೆ ಒಳಗಿಂದ ಹೊರಗೆ ಹೋಗುತ್ತೆ. ಮಂಗಳೂರಲ್ಲಿ ಹೊರಗಿನ ತೇವವೇ ಎಸಿ ಹಾಕಿದ ತಂಪು ಕೋಣೆ ಕಡೆಗೆ ಬರುತ್ತೆ. ಒಳಗೆ ಹಾಳೆ ಕಟ್ಟಿದರೆ ನೀರು ಅದರ ಹಿಂದೆಯೇ ಕೂತು ಬೂಸ್ಟು ಹಿಡಿಯುತ್ತೆ. ಬೇರೆ ಎಳೆ ತೆಗೀರಿ, ವಿವರವಾಗಿ ಮಾತಾಡೋಣ.

ಬಿಸಿಲೂರವ (12 ದಿನದ ನಂತರ)

ಸುಣ್ಣ ಹೊಡದು ವಾರ ಆತು. ನಿನ್ನೆ ಹೊರಗ 42 ಇತ್ತು. ಮಧ್ಯಾಹ್ನ 2ಕ್ಕ ಬರೇ ಛತ್ತು 61, ಸುಣ್ಣದ ಮ್ಯಾಲ 46. ಬರಿಗಾಲಲ್ಲಿ ನಿಂತು ನೋಡ್ದೆ, ನಿಲ್ಲಬಹುದು. ರಾತ್ರಿ 10ಕ್ಕ ಲಾಫ್ಟಿನ ಅದೇ ಟೇಪ್ 37, ಹಾಲಿನ ಸೀಲಿಂಗ್ ಇನ್ನೂ 42. ಎಸಿ ಈಗ ಹತ್ತೂವರೆಗೇ ಕಟ್ ಆಗ್ತದ.

ನಮ್ಮ ಅಜ್ಜನ ಮನಿ ಮಾಳಿಗಿ ಮಣ್ಣಿಂದು, ಅಡಿ ಮ್ಯಾಲ ದಪ್ಪ. ಒಳಗ ಮಧ್ಯಾಹ್ನ ತಂಪು, ರಾತ್ರಿ ಎಲ್ಲರೂ ಮ್ಯಾಲ ಹೋಗಿ ಮಲಗತಿದ್ವಿ. ಯಾಕಂತ ಈಗ ತಿಳೀತು.

ಉಳದದ್ದು ಪಶ್ಚಿಮದ ಗೋಡಿ. 6 ಇಂಚಿನ ಸಾಲಿಡ್ ಬ್ಲಾಕ್, ಸಂಜೆ ಒಳಗ 38 ತೋರಸ್ತದ. ಅದಕ್ಕ ಒಳಗಿಂದ ಥರ್ಮಾಕೋಲ್ ಹೊಡಸ್ಲೇನು?

ಟೆರೇಸ್ ರಿಪೇರಿ

ಬೇಡ. ಅದಕ್ಕೆ ಬೆಂಕಿ ಬೇಗ ಹತ್ತುತ್ತೆ, ಜೊತೆಗೆ ಮತ್ತೆ ಅದೇ ಒಳಗಿನಿಂದ ತಡೆಯುವ ಕಥೆ. ಗೋಡೆಯಿಂದ ಅರ್ಧ ಅಡಿ ಬಿಟ್ಟು ಹೊರಗೆ ಹಸಿರು ನೆರಳು ಬಲೆ ಕಟ್ಟಿ, ಕೆಳಗಿನಿಂದ ಬಳ್ಳಿ ಹಬ್ಬಿಸಿದರೆ ಇನ್ನೂ ಒಳ್ಳೇದು.

ಸುಣ್ಣ ಮಳೆಗೆ ಹೋಗುತ್ತೆ, ನಿಮ್ಮೂರ ಧೂಳಿಗೆ ಬೇಗ ಮಂಕಾಗುತ್ತೆ, ವರ್ಷಾ ವರ್ಷಾ ಹೊಡೀಬೇಕು. ಎಕ್ಸ್‌ಪಿಎಸ್ ಮಾಡಿಸೋದಾದರೆ ಮೊದಲು ಛತ್ತಿನ ಮೇಲೆ 48 ತಾಸು ನೀರು ಕಟ್ಟಿ ಸೋರಿಕೆ ನೋಡಿ. ಸೋರುವ ಸ್ಲ್ಯಾಬ್ ಮುಚ್ಚಿದರೆ ತೂತು ಎಲ್ಲಿದೆ ಅಂತ ಮುಂದೆ ದೇವರಿಗೂ ಗೊತ್ತಾಗಲ್ಲ. ಹಲಗೆ ಹಗುರ. ಅದರ ಮೇಲಿನ 50 ಮಿಲಿಮೀಟರ್ ಕಾಂಕ್ರೀಟ್ ಮಾತ್ರ ಚದರ ಮೀಟರಿಗೆ 120 ಕೆಜಿ ಆಗುತ್ತೆ. ಕೋಬಾ ಉಳಿಸಿಕೊಂಡು ಇದನ್ನೂ ಹೇರಬಹುದೇ ಅಂತ ಎಂಜಿನಿಯರ್ ಒಬ್ಬರನ್ನು ಹತ್ತಿಸಿ ತೋರಿಸಿ. ಗೌಂಡಿ ಮಾತಿನ ಮೇಲೆ ಹೋಗಬೇಡಿ, ನಾನೂ ಗೌಂಡಿ ಮಗನೇ.

ಬಿಸಿಲೂರವ

ಎಂಜಿನಿಯರ್ ರವಿವಾರ ಬರ್ತಾರ. ಹಾಲಿನ ಮ್ಯಾಲೂ ಸುಣ್ಣ ಹೊಡಸೋಣಂದ್ರ ಅವ್ವ ಬಿಡಲಿಲ್ಲ, ಸಂಡಗಿ ಒಣಗಂಗಿಲ್ಲಂತ. ಈ ಬ್ಯಾಸಗಿ ಆ ಭಾಗ ಆಕಿಗೇ ಬಿಟ್ಟೀನಿ.