ಪದಚರ್ಚೆ: ಕರುಳಿನ ಕಾಂಡಕೋಶದ ‘ಸೆಲ್ಫ್ ರಿನ್ಯೂಯಲ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನದ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು. ಸಣ್ಣ ಕರುಳಿನ ಒಳಪದರ 3ರಿಂದ 5 ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಅದಕ್ಕೆ ಬೇಕಾದ ಕೋಶಗಳನ್ನು ಕೊಡುವುದು ಕ್ರಿಪ್ಟ್ ಎಂಬ ಪುಟ್ಟ ಕುಳಿಗಳ ತಳದ ಕಾಂಡಕೋಶಗಳು (ಸ್ಟೆಮ್ ಸೆಲ್). ಹೀಗೆ ಕೊಡುತ್ತಲೇ ಅವು ತಮ್ಮಂಥ ಕಾಂಡಕೋಶಗಳನ್ನೂ ಹುಟ್ಟಿಸಿಕೊಳ್ಳುವುದೇ ‘ಸೆಲ್ಫ್ ರಿನ್ಯೂಯಲ್’. ಅದಕ್ಕೆ ‘ಸ್ವಯಂ ನವೀಕರಣ’ ಅಂತ ಹಾಕಿದ್ದೆ. ಓದಿದವರು ‘ಲೈಸೆನ್ಸ್ ರಿನ್ಯೂ ಮಾಡಿಸಿದ ಹಾಗಿದೆ’ ಅಂದರು. ಬೇರೆ ಪದ ಇದೆಯಾ?

ಮರು:
ಮೊದಲು ‘ಕಾಂಡಕೋಶ’ ತೆಗೆಯಿರಿ. ಕಾಂಡ ಅಂದರೆ ಗಿಣ್ಣಿನಿಂದ ಗಿಣ್ಣಿನವರೆಗಿನ ತುಂಡು, ರಾಮಾಯಣದ ಕಾಂಡಗಳೂ ಅದೇ. 1868ರಲ್ಲಿ ಜರ್ಮನ್ ಜೀವವಿಜ್ಞಾನಿ ಹೆಕೆಲ್ ‘ಸ್ಟಾಮ್‌ತ್ಸೆಲ್ಲೆ’ (ಸ್ಟೆಮ್ ಸೆಲ್‌ನ ಜರ್ಮನ್ ಮೂಲಪದ) ಅಂದದ್ದು ಎಲ್ಲ ಜೀವಿಗಳ ಮೂಲವಾದ ಒಂಟಿಕೋಶಕ್ಕೆ. ಅಲ್ಲಿ ಸ್ಟಾಮ್ ವಂಶವೃಕ್ಷದ ಬುಡ, ದಂಟಲ್ಲ. ‘ಬುಡಕೋಶ’ ಅನ್ನಿ.

ಮರು:
ಅವರು ಕೇಳಿದ್ದು ಅದಲ್ಲ ಮೇಷ್ಟ್ರೇ. ಕಾಂಡಕೋಶ ಪತ್ರಿಕೆಗಳಲ್ಲಿ ಬೇರೂರಿ ಆಯ್ತು.

ನನ್ನ ತಕರಾರು ‘ಸ್ವಯಂ’ ಮೇಲೆ. ಕುಳಿಯ ತಳದಲ್ಲಿ ಕಾಂಡಕೋಶಗಳು ಪ್ಯಾನೆತ್ ಕೋಶಗಳೆಂಬ ನೆರೆಯ ಕೋಶಗಳ ನಡುವೆ ಒತ್ತಾಗಿ ಕೂತಿರುತ್ತವೆ. ಪ್ಯಾನೆತ್ ಕೋಶ ‘ಕಾಂಡಕೋಶವಾಗಿಯೇ ಇರು’ ಎನ್ನುವ ವಿಂಟ್ ಎಂಬ ಸಂಕೇತ (ಸಿಗ್ನಲ್) ಕೊಡುತ್ತದೆ, ಮೈಗೆ ಮೈ ತಾಗಿಸಿ ನಾಚ್ ಎಂಬ ಸಂಕೇತವನ್ನೂ ಕೊಡುತ್ತದೆ. ಕಾಂಡಕೋಶ ಒಡೆದು ಎರಡಾದಾಗ ಎರಡೂ ಸಮಾನವೇ. ತಳದಲ್ಲಿ ಜಾಗ ಸಿಕ್ಕಿದ್ದು ಕಾಂಡಕೋಶವಾಗಿ ಉಳಿಯುತ್ತದೆ. ಮೇಲಕ್ಕೆ ಜಾರಿದ್ದಕ್ಕೆ ವಿಂಟ್ ಕಡಿಮೆ, ‘ಮಾಗು’ ಎನ್ನುವ ಬಿಎಂಪಿ ಸಂಕೇತ ಜಾಸ್ತಿ. ಅದು ಮಾಗಿ ಆಹಾರ ಹೀರುವ ಕೋಶವೋ ಲೋಳೆ ಸುರಿಸುವ ಕೋಶವೋ ಆಗುತ್ತದೆ. ಅಕ್ಕಪಕ್ಕದವರು ತೀರ್ಮಾನ ಮಾಡುವಾಗ ‘ಸ್ವಯಂ’ ಎಲ್ಲಿಂದ ಬಂತು?

ಮರು:
ಅರ್ಧ ಸರಿ. 2009ರಲ್ಲಿ ಇಲಿಯ ಕರುಳಿನ ಒಂದೇ ಒಂದು ಕಾಂಡಕೋಶದಿಂದ ಲ್ಯಾಬಿನಲ್ಲಿ ಪುಟ್ಟ ಕರುಳು ಬೆಳೆಸಿದರು. ಆರ್-ಸ್ಪಾಂಡಿನ್, ಇಜಿಎಫ್, ನಾಗ್ಗಿನ್ ಎಂಬ ಪ್ರೋಟೀನುಗಳನ್ನು ಹೊರಗಿನಿಂದ ಹಾಕಿದ್ದು ನಿಜ. ಆದರೆ ಪಕ್ಕದ ಪ್ಯಾನೆತ್ ಕೋಶವನ್ನು ಅದೇ ಹೆತ್ತುಕೊಂಡಿತು ಅಲ್ವಾ?

ಮರು:
ಸೆಲ್ಫ್ ರಿನ್ಯೂಯಲ್‌ಗೆ ‘ತನ್ನುಳಿಕೆ’. ಮುಗಿಯಿತು. ಹಾಗೇ ‘ಸಂಕೇತ’ವನ್ನೂ ಬಿಡಿ. ‘ಸುಳಿವು’ ಇರುವಾಗ ಸಂಸ್ಕೃತದ ಸಾಲ ಯಾಕೆ?

ಮರು:
ಸುಳಿವು ಪೊಲೀಸರಿಗೆ ಸಿಗುವುದು. ಸಿಗ್ನಲ್ ಅಂದರೆ ಯಾರಿಗೆ ಅರ್ಥವಾಗುವುದಿಲ್ಲ? ಸಾಲ ಬೇಡ ಅನ್ನುವವರು ‘ವಿಂಟ್’ ಏನು ಮಾಡುತ್ತೀರಿ? ನೊಣದ ‘ವಿಂಗ್‌ಲೆಸ್’, ಇಲಿಯ ‘ಇಂಟ್-1’ ಎಂಬ ಜೀನ್‌ಗಳ ಹೆಸರು ಸೇರಿಸಿ ಕಟ್ಟಿದ ಬೆರಕೆ ಹೆಸರು ಅದು. ಹೆಸರಿಟ್ಟ ವಿಜ್ಞಾನಿಗಳಿಗಿಲ್ಲದ ಮಡಿ ನಮಗ್ಯಾಕೆ?

ಮರು:
ಮಡಿಯಲ್ಲ ಸ್ವಾಮಿ, ಕನ್ನಡ. ಹೀಗೇ ಬಿಟ್ಟರೆ ಕ್ರಿಯಾಪದದ ಕೊನೆ ಮಾತ್ರ ಕನ್ನಡದ್ದು ಉಳಿದೀತು.

ಮರು:
ಸುಮ್ನೆ ಜಗಳ ಬೇಡ. ಫಲಕದಲ್ಲಿ ನಾಮಪದವೇ ಬೇಕೆಂದು ಯಾರು ಹೇಳಿದರು? ‘ಕಾಂಡಕೋಶಗಳು ಹೊಸ ಕೋಶಗಳನ್ನು ಕೊಡುತ್ತಲೇ ತಮ್ಮ ಬಳಗವನ್ನೂ ಉಳಿಸಿಕೊಳ್ಳುತ್ತವೆ’ ಅಂತ ಬರೆಯಿರಿ.

ಮರು:
ಇದೇ ಹಾಕುತ್ತೇನೆ, ಥ್ಯಾಂಕ್ಸ್. ಸಿಗ್ನಲ್‌ಗೆ ‘ಸಂಕೇತ’ವೇ ಇರಲಿ. ಬುಡಕೋಶದವರು ದಯವಿಟ್ಟು ಬೇರೆ ಎಳೆ ಶುರು ಮಾಡಿ.