ಔಷಧ ಮಾಹಿತಿ ಕೇಂದ್ರ: ಕರೆ ಕಮ್ಮಿಯಾದರೆ ಕೆಲಸವೂ ಕಮ್ಮಿಯಾದಂತಾ?

ಹೇಮಾವತಿ_ಫಾರ್ಮ್‌ಡಿ (ಹಾಸನ):
ನಮ್ಮ ಆಸ್ಪತ್ರೆಯ ಔಷಧ ಮಾಹಿತಿ ಕೇಂದ್ರದ (ಡಾಕ್ಟರು, ನರ್ಸುಗಳು ಔಷಧದ ಬಗ್ಗೆ ಫೋನ್ ಮಾಡಿ ಕೇಳೋ ಜಾಗ) ಹಳೇ ರಿಜಿಸ್ಟರ್ ತೆಗೆದರೆ ಪುಟಗಟ್ಟಲೆ ಡೋಸ್, ಸೈಡ್ ಎಫೆಕ್ಟ್, ‘ಈ ಬ್ರ್ಯಾಂಡ್‌ನಲ್ಲಿ ಏನಿದೆ’ ಅನ್ನೋ ಪ್ರಶ್ನೆಗಳೇ. ಈಗ ಅವನ್ನೆಲ್ಲ ಡಾಕ್ಟರು ಮೊಬೈಲಲ್ಲೇ ನೋಡ್ಕೋತಾರೆ. ಬರೋ ಕರೆ ಕಮ್ಮಿ, ಆದರೆ ಒಂದೊಂದಕ್ಕೂ ಹೊತ್ತು ಹಿಡಿಯುತ್ತೆ. ತಿಂಗಳ ವರದಿಯಲ್ಲಿ ಮಾತ್ರ ಒಂದೇ ಅಂಕಿ: ಒಟ್ಟು ಕರೆ. ರಿಜಿಸ್ಟರನ್ನ ಹೇಗೆ ಬದಲಿಸೋದು?

ಗಿರಿಸೀಮೆ (ಚಿಕ್ಕಮಗಳೂರು):
ಯಾರು ಕೇಳಿದರು, ಯಾವ ವಾರ್ಡು, ಯಾವ ಬಗೆಯ ಪ್ರಶ್ನೆ, ಎಷ್ಟು ಹೊತ್ತಿಗೆ ಉತ್ತರ ಹೋಯಿತು, ಕೊನೆಗೆ ಕೇಸ್‌ಶೀಟಿನಲ್ಲಿ ಏನು ಬದಲಾಯಿತು. ಈ ಕೊನೇ ಕಲಂ ಇಲ್ಲದಿದ್ದರೆ ಉಳಿದದ್ದು ಬರೀ ಶಾಯಿ ಖರ್ಚು.

ರೋಗಿಯ ವಿವರವಿಲ್ಲದೆ ಎಂಟ್ರಿ ಮಾಡಲೇಬೇಡಿ. ಅಮಿಕಾಸಿನ್ (ಒಂದು ಆಂಟಿಬಯೋಟಿಕ್) ಕಿಲೋಗೆ 15 ಮಿ.ಗ್ರಾಂ. ಅಂತ ಮೊಬೈಲೂ ಹೇಳುತ್ತೆ. ವಯಸ್ಸು 72, ತೂಕ 45 ಕಿಲೋ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತಪರೀಕ್ಷೆ) 1.8 ಅಂದಾಗ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ (ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಅಂದಾಜು) ಹಾಕಿ: 140ರಲ್ಲಿ 72 ಕಳೆದು, 45ರಿಂದ ಗುಣಿಸಿ, 72×1.8ರಿಂದ (ಈ 72 ಸೂತ್ರದ್ದೇ, ವಯಸ್ಸಲ್ಲ) ಭಾಗಿಸಿದರೆ ನಿಮಿಷಕ್ಕೆ ಸುಮಾರು 24 ಮಿ.ಲೀ.; ಹೆಂಗಸಾದರೆ 0.85ರಿಂದ ಗುಣಿಸಿ 20. ಕಿಡ್ನಿ ಇಷ್ಟು ನಿಧಾನ ಇರುವಾಗ ಅದೇ ಡೋಸನ್ನ ದಿನಕ್ಕೊಂದರಂತೆ ಕೊಡುತ್ತಾ ಹೋದರೆ ಔಷಧ ಮೈಯಲ್ಲೇ ಉಳಿದು ಕಿಡ್ನಿ, ಕಿವಿ ಎರಡಕ್ಕೂ ಪೆಟ್ಟು. ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಏರುತ್ತಿದ್ದರೆ ಈ ಲೆಕ್ಕವನ್ನೂ ನಂಬಬೇಡಿ.

ಐಸಿಯು_ಸಿಸ್ಟರ್ (ಹಾಸನ):
ಈಗ ಫೋನ್ ಮಾಡೋರು ಹೆಚ್ಚಾಗಿ ನಾವೇ, ಅದನ್ನೂ ಬೇರೆ ತೋರಿಸಿ. ನಮ್ಮದು ಔಷಧವನ್ನ ಡ್ರಿಪ್ಪಿಗೆ ಬೆರೆಸೋ ಪ್ರಶ್ನೆಗಳು. ಫಿಟ್ಸ್ ಔಷಧ ಫೆನಿಟಾಯಿನ್ ಡೆಕ್ಸ್‌ಟ್ರೋಸ್‌ಗೆ ಹಾಕಿದರೆ ಹರಳು ಕಟ್ಟುತ್ತೆ, ಎನ್‌ಎಸ್ (ನಾರ್ಮಲ್ ಸಲೈನ್, ಉಪ್ಪುನೀರಿನ ಡ್ರಿಪ್) ಬೇಕು. ದೊಡ್ಡವರಿಗೂ ನಿಮಿಷಕ್ಕೆ 50 ಮಿ.ಗ್ರಾಂ. ಮೀರಬಾರದು. ಫಂಗಸ್ ಔಷಧ ಆಂಫೋಟೆರಿಸಿನ್ ಬಿ ಇದಕ್ಕೆ ಉಲ್ಟಾ: 5% ಡೆಕ್ಸ್‌ಟ್ರೋಸ್ ಮಾತ್ರ, ಎನ್‌ಎಸ್ ಸೇರಿದರೆ ಗಸಿ. ಆಂಟಿಬಯೋಟಿಕ್ ಸೆಫ್ಟ್ರಿಯಾಕ್ಸೋನ್ ಹೋಗ್ತಿರೋ ಲೈನಿಗೆ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಬೇಡ, ಅದರಲ್ಲಿ ಕ್ಯಾಲ್ಸಿಯಂ ಇದೆ. ಎಸ್‌ಆರ್ (ನಿಧಾನಕ್ಕೆ ಔಷಧ ಬಿಡೋ) ಮಾತ್ರೆ ಕುಟ್ಟಿ ರೈಲ್ಸ್ ಟ್ಯೂಬಿಗೆ (ಮೂಗಿನಿಂದ ಹೊಟ್ಟೆಗೆ ಹೋಗೋ ನಳಿಗೆ) ಹಾಕಿದರೆ ಇಡೀ ದಿನದ ಡೋಸ್ ಒಂದೇ ಸಲಕ್ಕೆ ಒಳಗೆ. ಇವಕ್ಕೊಂದು ಚಾರ್ಟ್ ಮಾಡಿ ಟ್ರಾಲಿಗೆ ಅಂಟಿಸಿಕೊಡಿ.

ಹೇಮಾವತಿ_ಫಾರ್ಮ್‌ಡಿ:
ಚಾರ್ಟ್ ಅಂಟಿಸಿದರೆ ಕರೆ ಇನ್ನೂ ಇಳಿಯುತ್ತಲ್ಲ!

ಗಿರಿಸೀಮೆ:
ಇಳಿಯಲಿ. ಚಾರ್ಟಿಗೂ ರಿಜಿಸ್ಟರಿನಲ್ಲಿ ಒಂದು ಸಾಲು ಕೊಡಿ, ಯಾವ ಪ್ರಶ್ನೆಗಳಿಂದ ಹುಟ್ಟಿತು ಅಂತ ಬರೆದು. ರೌಂಡ್ಸ್‌ನಲ್ಲಿ ಬಾಯಿಮಾತಲ್ಲಿ ಕೇಳಿದ್ದು ಎಲ್ಲೂ ದಾಖಲಾಗಲ್ಲ, ಅದನ್ನೂ ಅವತ್ತೇ ಬರೆದುಬಿಡಿ. ‘ಈ ಮಾತ್ರೆಯಿಂದ ಮೈ ತುರಿಸುತ್ತಾ’ ಅಂತ ಯಾರಾದರೂ ಕೇಳಿದರೆ ಅದು ಬರೀ ಮಾಹಿತಿ ಪ್ರಶ್ನೆಯಲ್ಲ. ದೇಶದ ಫಾರ್ಮಕೋವಿಜಿಲೆನ್ಸ್ (ಔಷಧಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡೋ) ಕಾರ್ಯಕ್ರಮ 2010ರಿಂದ ಇದೆ, ಸಂಶಯವಿದ್ದರೆ ಸಾಕು, ಎಡಿಆರ್ (ಅಡ್ಡಪರಿಣಾಮದ ವರದಿ) ಫಾರ್ಮ್ ತುಂಬಿ. ಆ ಫಾರ್ಮಿನ ಸಂಖ್ಯೆಯನ್ನ ಕರೆಯ ಎದುರಿಗೇ ನಮೂದಿಸಿ.