ಟೋಕಿಯೋದ ಗ್ರೈಂಡರ್ ಒಸಾಕಾದಲ್ಲಿ ಓಡುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಮಗೆ ಟೋಕಿಯೋದಿಂದ ಒಸಾಕಾಗೆ ವರ್ಗವಾಗಿದೆ. ಊರಿಂದ ತಂದ ಮಿಕ್ಸಿ, ಟೇಬಲ್‌ಟಾಪ್ ಗ್ರೈಂಡರ್ ಎರಡನ್ನೂ ಇಲ್ಲಿನ 100 ವೋಲ್ಟ್‌ಗೆ ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸುತ್ತಿದ್ದೇವೆ. ಇಲ್ಲೇ ಕೊಂಡ ಹಳೇ ಮೈಕ್ರೋವೇವ್ ಮೇಲೆ ಬರೀ 50 ಹರ್ಟ್ಸ್ ಅಂತಿದೆ. ಅಲ್ಲಿ 60 ಅಂತೆ. ಎಲ್ಲಾ ತಗೊಂಡು ಹೋಗಬಹುದಾ? ಒಂದೇ ದೇಶದಲ್ಲಿ ಎರಡು ಯಾಕೆ?

ಉತ್ತರ: ಮೈಕ್ರೋವೇವ್ ಬಿಟ್ಟುಬಿಡಿ ಮೇಡಂ, ಬರೀ 50 ಅಂತ ಬರೆದಿದ್ದನ್ನು 60ಕ್ಕೆ ಹಾಕಬಾರದು. ಹರ್ಟ್ಸ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಗುತ್ತದೆ ಅನ್ನೋ ಲೆಕ್ಕ, ಅದನ್ನೇ ಫ್ರೀಕ್ವೆನ್ಸಿ ಅಂತಾರೆ. ಮಿಕ್ಸಿ ಪರವಾಗಿಲ್ಲ, ಅದು ಕಾರ್ಬನ್ ಬ್ರಶ್ ಇರುವ ಮೋಟರ್, ಹರ್ಟ್ಸ್ ಬದಲಾದರೂ ಓಡುತ್ತದೆ. ಗ್ರೈಂಡರ್‌ದು ಸಾಮಾನ್ಯವಾಗಿ ಇಂಡಕ್ಷನ್ ಮೋಟರ್, ಅಂದರೆ ಬ್ರಶ್ ಇಲ್ಲದ್ದು, ಅದರ ವೇಗ ಹರ್ಟ್ಸ್ ಮೇಲೆ ನಿಂತಿದೆ. 50ರಲ್ಲಿ ನಿಮಿಷಕ್ಕೆ 1440 ಸುತ್ತು ಹೊಡೆಯುವಂಥದ್ದು 60ರಲ್ಲಿ 1730ರ ಹತ್ತಿರ ಹೋಗುತ್ತದೆ, ಆದರೆ ಶುರುವಾಗುವಾಗ ಎಳೆತ ಕಡಿಮೆ. ಗ್ರೈಂಡರ್‌ಗೆ ಅಂಟಿಸಿರುವ, ವೋಲ್ಟ್, ಹರ್ಟ್ಸ್ ಬರೆದ ಪ್ಲೇಟ್ ಮೇಲೆ 50/60 ಇದೆಯಾ ನೋಡಿ.

ಎರಡು ಯಾಕೆ ಅಂದರೆ, 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯ ಎಇಜಿ ಜನರೇಟರ್ ತಂದರು, ಅದು 50. ಒಸಾಕಾದವರು ಅಮೆರಿಕದ ಜಿಇ ಕಂಪನಿಯದು ತಂದರು, ಅದು 60. ಫುಜಿ ನದಿಯ ಪೂರ್ವಕ್ಕೆ 50, ಪಶ್ಚಿಮಕ್ಕೆ 60, ಇವತ್ತಿಗೂ ಹಾಗೇ ಇದೆ.

ಪ್ರಶ್ನೆ (ಇನ್ನೊಬ್ಬರು): ಇಷ್ಟು ಮುಂದುವರಿದ ದೇಶ, ಒಂದೇ ಮಾಡೋಕಾಗಲ್ವಾ?

ಉತ್ತರ: ತಂತಿ, ಕಂಬ ಮಾತ್ರ ಆಗಿದ್ದರೆ ಆಗುತ್ತಿತ್ತು. ಫ್ರೀಕ್ವೆನ್ಸಿ ಇರೋದು ತಿರುಗುವ ಯಂತ್ರಗಳಲ್ಲಿ, ಪವರ್ ಹೌಸಿನ ಟರ್ಬೈನ್‌ನಿಂದ ಹಿಡಿದು ಮನೆಯ ಫ್ರಿಜ್‌ವರೆಗೆ. ಕೆನಡಾದ ಒಂಟಾರಿಯೋದಲ್ಲಿ ನಯಾಗರಾ ಕರೆಂಟು 25 ಹರ್ಟ್ಸ್ ಇತ್ತು, ಬಲ್ಬು ಮಿನುಗೋದು ಕಣ್ಣಿಗೇ ಕಾಣುತ್ತಿತ್ತು. ಅದನ್ನು 60 ಮಾಡೋಕೆ 1949ರಿಂದ 1959ರವರೆಗೆ ಹಿಡಿಯಿತು. ಒಂದೊಂದೇ ಏರಿಯಾ ತಗೊಂಡು, ಕೆಲಸದವರು ಮನೆಮನೆಗೆ ಹೋಗಿ ಫ್ರಿಜ್, ವಾಷಿಂಗ್ ಮೆಷಿನ್ ಮೋಟರ್ ಬದಲಾಯಿಸಿಕೊಟ್ಟರು. ಮನೆಗಳಲ್ಲಿ ಮೋಟರ್ ಇನ್ನೂ ಕಡಿಮೆ ಇದ್ದ ಕಾಲ ಅದು. ಜಪಾನಿನಲ್ಲಿ ಈಗ ಹಾಗೆ ಮಾಡೋದು ಬಹಳ ಕಷ್ಟ.

ಅದಕ್ಕೇ ಅವರು ನಡುವೆ 50ನ್ನು 60ಕ್ಕೆ, 60ನ್ನು 50ಕ್ಕೆ ಬದಲಾಯಿಸುವ ಕನ್ವರ್ಟರ್ ಸ್ಟೇಷನ್ ಕಟ್ಟಿಕೊಂಡರು. ಮೊದಲನೆಯದು 1965ರಲ್ಲಿ ಸಾಕುಮಾದಲ್ಲಿ, 300 ಮೆಗಾವಾಟ್. 2011ರ ಸುನಾಮಿಯಲ್ಲಿ ಪೂರ್ವದ ಪವರ್ ಸ್ಟೇಷನ್‌ಗಳು ನಿಂತಾಗ ಪಶ್ಚಿಮದಿಂದ ಸುಮಾರು 1000 ಮೆಗಾವಾಟ್ ಮಾತ್ರ ದಾಟಿಸಲು ಸಾಧ್ಯವಿತ್ತು. ಟೋಕಿಯೋ ಸುತ್ತ ಸರದಿ ಮೇಲೆ ಕರೆಂಟ್ ತೆಗೆದರು. ಒಂದೇ ದೇಶದ ಕರೆಂಟು ಪಕ್ಕದ ಊರಿಗೆ ಸಾಕಷ್ಟು ದಾಟದೆ ಹೋಯಿತಲ್ಲ, ನಮ್ಮಂಥ ಕರೆಂಟ್ ಕೆಲಸದವರಿಗೆ ಅದು ನಿಜಕ್ಕೂ ಸಂಕಟದ ವಿಷಯ. 2021ರಲ್ಲಿ ಹೊಸ ಲೈನ್ ಸೇರಿ, ದಾಟಿಸಬಹುದಾದ ಕರೆಂಟು 2100 ಮೆಗಾವಾಟ್ ಆಗಿದೆ.

ಪ್ರಶ್ನೆ: ಸರ್, ಗ್ರೈಂಡರ್ ಪ್ಲೇಟ್ ಮೇಲೆ 230 ವೋಲ್ಟ್, 50 ಹರ್ಟ್ಸ್ ಅಷ್ಟೇ ಇದೆ.

ಉತ್ತರ: ಹಾಗಾದರೆ ಅದನ್ನೂ ಅಲ್ಲಿ ಹಾಕಬೇಡಿ ಮೇಡಂ. ಊರಿಗೆ ಹೋಗುವವರ ಕೈಲಿ ವಾಪಸ್ ಕಳಿಸಿ. ಅಲ್ಲಿಯವರೆಗೆ ಹಿಟ್ಟು ಮಿಕ್ಸಿಯಲ್ಲೇ, ಸ್ವಲ್ಪ ಸ್ವಲ್ಪ ಹಾಕಿ, ನಡುನಡುವೆ ನಿಲ್ಲಿಸಿ ರುಬ್ಬಿ.